ಹುಳದ ಮೇಷ್ಟ್ರಿಗೆ ಎಷ್ಟು ಮಾರ್ಕ್ಸು?

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು "ಎಚ್-ಇಂಡೆಕ್ಸ್ ಅಂದರೆ ಏನು?" ಅಂತ ಒಂದೇ ಸಾಲು ಬರೆದು ಕೇಳಿದ್ದರು. ನಾನೂ ಎರಡು ಸಾಲಿನಲ್ಲಿ ಮುಗಿಸಿದ್ದೆ. ವಿಜ್ಞಾನಿಯ ಸಂಶೋಧನಾ ಬರಹಗಳನ್ನು, ಅಂದರೆ ಪೇಪರ್‌ಗಳನ್ನು ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಅನ್ನೋದನ್ನು ನೋಡಿ ಹಾಕುವ ಒಂದು ಅಂಕ, ಹಾಗೆ ಹೆಸರಿಸುವುದಕ್ಕೆ ಸೈಟೇಶನ್ ಅನ್ನುತ್ತಾರೆ, ಅಷ್ಟೇ ಅಂತ. ಓದುಗರು ಅಷ್ಟಕ್ಕೇ ಬಿಡಲಿಲ್ಲ. ಧಾರವಾಡ, ಗದಗ, ಹಾವೇರಿ ಕಡೆಯಿಂದ ಪತ್ರಗಳು ಬಂದಿವೆ, ಅದರಲ್ಲೂ ಹೆಚ್ಚಿನವು ಹೊಟ್ಟೆಹುಳ, ನಾರುಹುಳ, ಮಲೇರಿಯಾ, ಅಂದರೆ ಪ್ಯಾರಸೈಟಾಲಜಿ (ಪರಾವಲಂಬಿ ಜೀವಿಗಳ ಶಾಸ್ತ್ರ) ಓದಿದವರ ಸುತ್ತಲೇ ಇವೆ. ಗ್ರಂಥಾಲಯದಲ್ಲಿ ಜರ್ನಲ್ (ಸಂಶೋಧನಾ ಪತ್ರಿಕೆ) ವಿಭಾಗ ನೋಡಿಕೊಂಡೇ ನಿವೃತ್ತನಾದವನು ನಾನು, ಹುಳದ ಡಾಕ್ಟರ್ ಅಲ್ಲ. ಆದರೂ ಹುಳದವರ ಜೊತೆ ಚಹಾ ಕುಡಿದದ್ದು ಬಹಳ ಇದೆ. ಈ ಸಲ ಪೂರ್ತಿ ಅಂಕಣ ಅವರಿಗೇ.

ಪ್ರಶ್ನೆ: ಮಗಳಿಗೆ ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಪಿಎಚ್.ಡಿ. ಸೀಟು ಸಿಕ್ಕಿದೆ. ಇಬ್ಬರು ಗೈಡ್‌ಗಳಲ್ಲಿ ಒಬ್ಬರನ್ನು ಆರಿಸಬೇಕು. ಒಬ್ಬರು ಕ್ಯಾನ್ಸರ್ ಬಗ್ಗೆ ಕೆಲಸ ಮಾಡುತ್ತಾರೆ, ಎಚ್-ಇಂಡೆಕ್ಸ್ 31. ಇನ್ನೊಬ್ಬರದು ದನ-ಕುರಿಗಳ ಹೊಟ್ಟೆಹುಳ, ಅವರದು 12. ಮಗಳಿಗೆ ಹುಳದ ಕಡೆ ಮನಸ್ಸು. ಮನೆಯಲ್ಲಿ ಎಲ್ಲರೂ 31 ಅನ್ನುತ್ತಿದ್ದಾರೆ. ನಾನು ವೀಳ್ಯದೆಲೆ ವ್ಯಾಪಾರಿ, ಇದರ ತಲೆಬುಡ ಗೊತ್ತಿಲ್ಲ.
ಒಬ್ಬ ತಂದೆ, ಸವಣೂರು

ಎಲೆ ವ್ಯಾಪಾರ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ. ಸವಣೂರಿನ ವೀಳ್ಯದೆಲೆಯನ್ನೂ ಊಟದ ಬಾಳೆ ಎಲೆಯನ್ನೂ ಒಂದೇ ಲೆಕ್ಕದಲ್ಲಿ ಎಣಿಸಿ ರೇಟು ಕಟ್ಟುತ್ತೀರಾ? ಎರಡೂ ಎಲೆಯೇ ತಾನೇ.

ಮೊದಲು ಈ ಅಂಕ ಹೇಗೆ ಬರುತ್ತದೆ ನೋಡಿ. ಒಬ್ಬರು ಎಂಟು ಪೇಪರ್ ಬರೆದಿದ್ದಾರೆ ಅನ್ನೋಣ. ಅವುಗಳಿಗೆ ಬಂದ ಸೈಟೇಶನ್‌ಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆಯಿರಿ: 40, 22, 15, 9, 6, 4, 1, 0. ಈಗ ಮೇಲಿನಿಂದ ಒಂದು, ಎರಡು ಅಂತ ಎಣಿಸುತ್ತಾ ಬನ್ನಿ, ಎಣಿಕೆಗಿಂತ ಸೈಟೇಶನ್ ಕಡಿಮೆಯಾದ ಕಡೆ ನಿಲ್ಲಿಸಿ. ಐದನೇ ಪೇಪರ್‌ಗೆ 6 ಸೈಟೇಶನ್ ಇದೆ, ಅಂದರೆ ಐದಕ್ಕಿಂತ ಕಡಿಮೆ ಇಲ್ಲ. ಆರನೆಯದಕ್ಕೆ ಬರೀ 4, ಅಲ್ಲಿಗೆ ನಿಂತಿತು. ಇವರ ಎಚ್-ಇಂಡೆಕ್ಸ್ 5. ಮೊದಲನೇ ಪೇಪರ್‌ಗೆ 40ರ ಬದಲು 4,000 ಬಂದಿದ್ದರೂ ಅದು ಐದೇ! ಒಟ್ಟು ಸೈಟೇಶನ್ ಈಗ 97, ಆಗ ನಾಲ್ಕು ಸಾವಿರ ದಾಟುತ್ತಿತ್ತು, ಆದರೆ ಅಂಕ ಮಾತ್ರ ಅಲ್ಲಾಡುವುದಿಲ್ಲ. ಇಷ್ಟೇ ಇದರ ಮಹಿಮೆ.

ಇದನ್ನು 2005ರಲ್ಲಿ ಕಂಡುಹಿಡಿದದ್ದು ಹೋರ್ಹೆ ಹಿರ್ಷ್ ಎಂಬ ಕ್ಯಾಲಿಫೋರ್ನಿಯಾದ ಪ್ರೊಫೆಸರು, ಅವರು ಭೌತಶಾಸ್ತ್ರದವರು. ತಮ್ಮವರ ಅಳತೆ ತೆಗೆದು ಹೊಲಿದ ಅಂಗಿ ಇದು. ಜೀವವಿಜ್ಞಾನದವರ ಅಂಕ ಭೌತಶಾಸ್ತ್ರದವರಿಗಿಂತ ಜಾಸ್ತಿ ಬರುತ್ತದೆ ಅಂತ ಅವರೇ ಅದೇ ಪೇಪರ್‌ನಲ್ಲಿ ಬರೆದಿದ್ದಾರೆ. ಒಂದು ವಿಷಯದ ಅಂಕವನ್ನು ಇನ್ನೊಂದರ ಪಕ್ಕ ಇಡಬೇಡಿ ಅಂತ ಹುಟ್ಟಿಸಿದವರೇ ಎಚ್ಚರಿಸಿದ್ದರೂ ನಮ್ಮವರು ಇಟ್ಟೇ ಇಡುತ್ತಾರೆ. ಕ್ಯಾನ್ಸರ್ ಬಗ್ಗೆ ಬರೆಯುವವರು ಊರೂರಿಗೆ ಇದ್ದಾರೆ, ಒಬ್ಬರ ಪೇಪರ್ ಇನ್ನೊಬ್ಬರಿಗೆ ಬೇಕೇ ಬೇಕು. ಕುರಿ ಹೊಟ್ಟೆಯ ಹುಳದ ಬಗ್ಗೆ ಬರೆಯುವವರನ್ನು ದೇಶದಿಂದೆಲ್ಲ ಕರೆತಂದರೂ ಒಂದು ಮದುವೆ ಮಂಟಪದಲ್ಲಿ ಕೂರಿಸಬಹುದೇನೋ. ಸಣ್ಣ ಸಂತೆಯಲ್ಲಿ ಕೂಗಿದರೆ ಓಗೊಡುವವರೂ ಕಡಿಮೆ, ಅಲ್ವಾ? ಆ ಸಂತೆಯಲ್ಲಿ 12 ಅಂದರೆ ಸುಮ್ನೆ ಬರುವಂಥದ್ದಲ್ಲ. ಇನ್ನೊಂದು ಮಾತು, ಈ ಅಂಕ ವಯಸ್ಸಿನ ಹಾಗೆ, ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮೂವತ್ತು ವರ್ಷ ಸರ್ವಿಸ್ ಆದವರನ್ನೂ ಹತ್ತು ವರ್ಷದವರನ್ನೂ ಇದರಿಂದ ತೂಗಬಾರದು.

ಹುಳದವರಿಗೆ ಇನ್ನೊಂದು ಅನ್ಯಾಯ ಇದೆ, ಇದನ್ನು ಹೊರಗಿನವರು ಗಮನಿಸುವುದೇ ಇಲ್ಲ. ಹೊಸ ಹುಳ ಕಂಡು ಹೆಸರಿಟ್ಟವರ ಹೆಸರು ಹುಳದ ಹೆಸರಿನ ಜೊತೆಗೇ ಅಂಟಿಕೊಂಡು ಬರುತ್ತದೆ. ಕುರಿಯ ರಕ್ತ ಹೀರುವ ಹಿಮಾಂಕಸ್ ಕಂಟಾರ್ಟಸ್ ಎಂಬ ಹುಳದ ಮುಂದೆ ಇವತ್ತಿಗೂ "ರುಡಾಲ್ಫಿ, 1803" ಅಂತ ಬರೆಯುತ್ತಾರೆ. ಇನ್ನೂರು ವರ್ಷದಿಂದ ಆತನ ಹೆಸರು ಬರೆಯದೆ ಆ ಹುಳದ ಪೇಪರ್ ಶುರುವಾಗುವುದೇ ಅಪರೂಪ. ಆದರೆ ಕೊನೆಯ ಉಲ್ಲೇಖ ಪಟ್ಟಿಯಲ್ಲಿ ಆ 1803ರ ಬರಹವನ್ನು ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ, ಕಂಪ್ಯೂಟರ್ ಎಣಿಸುವುದು ಆ ಪಟ್ಟಿಯನ್ನೇ. ಹಾಗಾಗಿ ಸಾವಿರ ಸಲ ಹೆಸರು ಬಂದರೂ ಸೈಟೇಶನ್ ಸೊನ್ನೆ.

ಹಾಗಾದರೆ ಏನು ನೋಡಬೇಕು? ಇಬ್ಬರ ಪೇಪರ್ ಪಟ್ಟಿಯನ್ನೂ ತೆಗೆಯಿರಿ, ಲೇಖಕರ ಹೆಸರುಗಳಲ್ಲಿ ಮೊದಲು ಯಾರಿದ್ದಾರೆ ನೋಡಿ. ವಿದ್ಯಾರ್ಥಿಯ ಹೆಸರು ಮೊದಲು, ಗೈಡ್ ಹೆಸರು ಕೊನೆಗೆ ಇದ್ದರೆ ಒಳ್ಳೆಯ ಗುರುತು. ಎಲ್ಲ ಕಡೆ ಗೈಡೇ ಮೊದಲು ಇದ್ದರೆ ವಿದ್ಯಾರ್ಥಿಗಳು ಏನು ಮಾಡುತ್ತಿದ್ದರು ಅಂತ ಕೇಳಿ. ಆಮೇಲೆ ಮಗಳನ್ನು ಒಂದು ದಿನ ಧಾರವಾಡಕ್ಕೆ ಕಳಿಸಿ, ಆ ಇಬ್ಬರ ಲ್ಯಾಬ್‌ನ ಸೀನಿಯರ್‌ಗಳಿಗೆ ಒಂದೊಂದು ಚಹಾ ಕೊಡಿಸಲಿ. ಎಷ್ಟು ಜನ ಮುಗಿಸಿದರು, ಎಷ್ಟು ಜನ ಅರ್ಧಕ್ಕೆ ಬಿಟ್ಟರು, ಸೂಕ್ಷ್ಮದರ್ಶಕ ಕೆಲಸ ಮಾಡುತ್ತದೋ ಇಲ್ಲವೋ, ಫೆಲೋಶಿಪ್ ಸಹಿ ಎಷ್ಟು ದಿನಕ್ಕೆ ಆಗುತ್ತದೆ, ಎಲ್ಲ ಹದಿನೈದು ನಿಮಿಷದಲ್ಲಿ ಹೊರಬರುತ್ತದೆ. ನನ್ನನ್ನು ಕೇಳಿದರೆ, ಹುಡುಗಿಗೆ ಹುಳ ಇಷ್ಟ ಅಂದ ಮೇಲೆ ಹುಳವೇ ಸರಿ. ಐದು ವರ್ಷ ಕೂರಬೇಕಾದವಳು ಅವಳು.

ಪ್ರಶ್ನೆ: ನಿಮ್ಮ ಪೇಪರ್ 7 ದಿನದಲ್ಲಿ ಪ್ರಕಟ ಮಾಡುತ್ತೇವೆ, ನಮ್ಮ ಇಂಪ್ಯಾಕ್ಟ್ ಫ್ಯಾಕ್ಟರ್ 8.3, ಶುಲ್ಕ 3,500 ರೂಪಾಯಿ ಮಾತ್ರ ಅಂತ ದಿನಾ ಮೇಲ್ ಬರುತ್ತದೆ. ನನ್ನದು ಕೊಕ್ಕೆಹುಳದ ಸಣ್ಣ ಸರ್ವೆ. ಕಳಿಸಲೇ?
ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಬೇಡ. ಏಳು ದಿನದಲ್ಲಿ ಯಾರು ಓದುತ್ತಾರೆ, ಯಾರು ತಿದ್ದುತ್ತಾರೆ? ಫೇಡೆ ಕೂಡ ಹದಕ್ಕೆ ಬರಲು ಸಮಯ ಬೇಡುತ್ತದೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಯಾರು ಬೇಕಾದರೂ ಹಾಕಿಕೊಳ್ಳುವ ಬಿರುದಲ್ಲ. ಯೂಜಿನ್ ಗಾರ್ಫೀಲ್ಡ್ ಹುಟ್ಟುಹಾಕಿದ ಲೆಕ್ಕ ಅದು. ಒಂದು ಜರ್ನಲ್‌ನಲ್ಲಿ ಹಿಂದಿನ ಎರಡು ವರ್ಷ ಬಂದ ಪೇಪರ್‌ಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಅನ್ನೋದು. 1975ರಿಂದ 'ಜರ್ನಲ್ ಸೈಟೇಶನ್ ರಿಪೋರ್ಟ್ಸ್'ನಲ್ಲಿ ಬರುತ್ತಿದೆ, ಈಗ ಕ್ಲಾರಿವೇಟ್ ಕಂಪನಿ ಹೊರತರುತ್ತದೆ. ಅದರಲ್ಲಿ ಇಲ್ಲ ಅಂದರೆ 8.3 ಅನ್ನೋದು ಗೋಡೆಗೆ ಬರೆದ ನಂಬರು. ಮತ್ತೆ, ಅದು ಜರ್ನಲ್‌ನ ಅಂಕ, ನಿಮ್ಮದಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಬೇರೆ ದಾರಿ ಇದೆ ಅಂತ ಒಳಗೆ ಕೂತವರೆಲ್ಲ ಓಟಗಾರರು ಆಗುತ್ತಾರಾ?

ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಒಪ್ಪಿದ ಜರ್ನಲ್ಗಳ 'ಕೇರ್' ಪಟ್ಟಿ ನೋಡಿಕೊಂಡು ಕಳಿಸುವ ಕಾಲವೂ ಹೋಯಿತು, 2025ರಲ್ಲಿ ಅದನ್ನು ಕೈಬಿಟ್ಟರು. ಈಗ ಕಣ್ಣು ನಮ್ಮದೇ. ನಿಮ್ಮ ವಿಷಯಕ್ಕೆ ಭಾರತದಲ್ಲೇ 'ಜರ್ನಲ್ ಆಫ್ ಪ್ಯಾರಸಿಟಿಕ್ ಡಿಸೀಸಸ್' ಇದೆ, 'ಟ್ರಾಪಿಕಲ್ ಪ್ಯಾರಸೈಟಾಲಜಿ' ಇದೆ. ನಿಧಾನ ಆಗುತ್ತದೆ, ವಾಪಸ್ಸೂ ಬರಬಹುದು. ಬಂದರೆ ತಿದ್ದಿ ಮತ್ತೆ ಕಳಿಸಿ. 3,500 ಉಳಿಯಿತಲ್ಲ.

ಪ್ರಶ್ನೆ: ಮೂರು ವರ್ಷದ ಹಿಂದೆ ನಮ್ಮ ಕುರಿ ಹೊಲದಲ್ಲಿ ತರುಬಿದ್ದಾಗ ಇಬ್ಬರು ಹುಡುಗರು, ಒಬ್ಬರು ಮೇಡಂ ಬಂದು ಹಿಕ್ಕೆ ತುಂಬಿಕೊಂಡು ಹೋದರು. ಪೇಪರ್ ಬರೀತೀವಿ ಅಂದರು. ಆಮೇಲೆ ಸುಳಿವೇ ಇಲ್ಲ. ನಮ್ಮ ಕುರಿ ಹಿಕ್ಕಿಯಿಂದ ಅವರಿಗೆ ನಂಬರ್ ಬಂತಂತೆ, ನಮಗೆ ಏನ್ ಬಂತ್ರೀ?
ಕುರಿಗಾಹಿ, ರಾಣೆಬೆನ್ನೂರು ತಾಲೂಕು

ಈ ಪತ್ರವನ್ನು ಎರಡು ಸಲ ಓದಿದೆ. ಇಡೀ ಸೈಟೇಶನ್ ವ್ಯವಹಾರಕ್ಕೆ ಹಾಕಬೇಕಾದ ಪ್ರಶ್ನೆಯನ್ನು ನೀವೇ ಹಾಕಿದ್ದೀರಿ.

ಅವರು ಒಯ್ದು ಏನು ಮಾಡಿರುತ್ತಾರೆ ಅಂತ ಮೊದಲು ಹೇಳುತ್ತೇನೆ. ಹಿಕ್ಕೆಯನ್ನು ತೂಗಿ, ಇನ್ನು ಕರಗದು ಅನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಕಲಕಿ, ಚಹಾ ಸೋಸುವಂಥ ಜರಡಿಯಲ್ಲಿ ಸೋಸುತ್ತಾರೆ. ಆ ನೀರು ಭಾರ, ಹುಳದ ಮೊಟ್ಟೆ ಹಗುರ. ಮೊಟ್ಟೆ ಮೇಲಕ್ಕೆ ತೇಲಿ ಬರುತ್ತದೆ. ಆ ನೀರನ್ನು ಗೆರೆ ಎಳೆದ ಗಾಜಿನ ಸಣ್ಣ ಕೋಣೆಯೊಳಗೆ ತುಂಬಿ, ಸೂಕ್ಷ್ಮದರ್ಶಕದಲ್ಲಿ ಗೆರೆಯೊಳಗಿನ ಮೊಟ್ಟೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಮ್ಯಾಕ್‌ಮಾಸ್ಟರ್ ವಿಧಾನ ಅನ್ನುತ್ತಾರೆ. ಒಂದು ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆ ಅನ್ನೋದು ಉತ್ತರ. ನಾನೊಮ್ಮೆ ಇಣುಕಿ ನೋಡಿದ್ದೇನೆ, ಕಣ್ಣು ನೋಯುವ ಕೆಲಸ. ಆ ಹುಡುಗರು ಒಂದು ಋತುವಿನಲ್ಲಿ ಹೀಗೆ ನೂರಾರು ಚೀಲ ಎಣಿಸಿರುತ್ತಾರೆ. ಅದನ್ನೂ ಮರೆಯಬಾರದು.

ಎಣಿಸುವುದು ಯಾಕೆ ಅಂದರೆ ಮೇಲೆ ಹೇಳಿದ ಆ ಹಿಮಾಂಕಸ್ ಹುಳ. ಹೆಣ್ಣು ಹುಳ ಎರಡು ಮೂರು ಸೆಂಟಿಮೀಟರ್ ಉದ್ದ, ಬಿಳಿ ದಾರಕ್ಕೆ ಕೆಂಪು ದಾರ ಸುತ್ತಿ ಹೊಸೆದ ಹಾಗೆ ಕಾಣುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕುಡಿಯುತ್ತದೆ. ಏನು ಮಹಾ ಅನ್ನಿಸಬಹುದು. ಕುರಿಯ ಹೊಟ್ಟೆಯಲ್ಲಿ ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿಲೀಟರ್, ಅಂದರೆ ಅರ್ಧ ಕಪ್ಪು ಚಹಾದಷ್ಟು, ದಿನಾ. ಮರಿ ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿ ಬಾವು ಬರುತ್ತದೆ, ಮಳೆಗಾಲದಲ್ಲಿ ನೀವು ನೋಡಿಯೇ ಇರುತ್ತೀರಿ.

ಈಗ ನಿಮ್ಮ ಪ್ರಶ್ನೆ. ಆ ಪೇಪರ್ ಬಂದಿದ್ದರೆ ಅದನ್ನು ಎಲ್ಲೋ ಇನ್ನೊಂದು ರಾಜ್ಯದಲ್ಲಿ ಇದೇ ಥರ ಹಿಕ್ಕೆ ಎಣಿಸಿದವರು "ಕರ್ನಾಟಕದಲ್ಲೂ ಹೀಗೇ ಕಂಡಿದೆ" ಅಂತ ಒಂದು ಸಾಲು ಬರೆದು ಹೆಸರಿಸಿರಬಹುದು. ಅದೇ ಸೈಟೇಶನ್. ನಿಮ್ಮ ಊರಿನ ಪಶುವೈದ್ಯರು ಅದನ್ನು ಓದಿ ಔಷಧ ಬದಲಿಸಿದರೆ, ಅದರಿಂದ ನಿಮ್ಮ ಹತ್ತು ಮರಿ ಉಳಿದರೆ, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಪಶುವೈದ್ಯರು ಪೇಪರ್ ಬರೆಯುವುದಿಲ್ಲ, ಕುರಿಯಂತೂ ಬರೆಯುವುದಿಲ್ಲ.

ನೀವು ಮಾಡಬಹುದಾದದ್ದು ಇದೆ. ಮೇಡಂ ಯಾವ ಕಾಲೇಜಿನವರು ಅಂತ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ, ಸಾಮಾನ್ಯವಾಗಿ ಅವರ ಮೂಲಕವೇ ಬಂದಿರುತ್ತಾರೆ. ನಮ್ಮ ಹಿಂಡಿನ ಎಣಿಕೆ ಎಷ್ಟು ಬಂತು, ಯಾವ ಔಷಧ ನಮ್ಮ ಹುಳಕ್ಕೆ ಹತ್ತುತ್ತಿಲ್ಲ, ಎರಡೇ ಮಾತು ಕನ್ನಡದಲ್ಲಿ ಬರೆದುಕೊಡಿ ಅನ್ನಿ. ಇದು ಬೇಡುವುದಲ್ಲ, ಹಿಕ್ಕೆ ನಿಮ್ಮದು.

ಹುಳದವರು ಬರೆದದ್ದರಲ್ಲಿ ನಿಮಗೆ ನೇರ ಉಪಯೋಗಕ್ಕೆ ಬರುವ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕಾದವರು 'ಫಮಾಚ' ಅಂತ ಒಂದು ಬಣ್ಣದ ಕಾರ್ಡು ಮಾಡಿದ್ದಾರೆ. ಕುರಿಯ ಕೆಳ ರೆಪ್ಪೆ ಬಿಡಿಸಿ ಒಳಗಿನ ಬಣ್ಣ ನೋಡುವುದು. ಕಡುಗೆಂಪಿದ್ದರೆ 1, ಸುಣ್ಣದ ಹಾಗೆ ಬೆಳ್ಳಗಾದರೆ 5. ಬಿಳಿಚಿದವಕ್ಕೆ ಮಾತ್ರ ಔಷಧ ಕುಡಿಸುವುದು, ಇಡೀ ಹಿಂಡಿಗೆ ಅಲ್ಲ. ಎಲ್ಲಕ್ಕೂ ಪದೇ ಪದೇ ಒಂದೇ ಔಷಧ ಕುಡಿಸಿದರೆ ಹುಳ ಅದಕ್ಕೆ ಜಗ್ಗುವುದನ್ನೇ ಬಿಡುತ್ತದೆ. ಕಾರ್ಡು ಹಿಡಿದು ಹೇಗೆ ನೋಡಬೇಕು ಅಂತ ಡಾಕ್ಟರ್ ಹತ್ತಿರ ಒಮ್ಮೆ ಕಲಿತುಕೊಳ್ಳಿ. ಕುರಿಯ ಕಣ್ಣು ನೋಡಿ ಗುಣ ಹೇಳುವವರು ನೀವು, ನಿಮಗೆ ಇದು ಕಷ್ಟವಾಗಲಾರದು.

ಪ್ರಶ್ನೆ: ಕೋವಿಡ್ ಹೊತ್ತಿನಲ್ಲಿ ಐವರ್‌ಮೆಕ್ಟಿನ್ ಮಾತ್ರೆಗೆ ಅಂಗಡಿ ಮುಂದೆ ಸಾಲು ನಿಂತಿತ್ತು. ಅದರ ಬಗ್ಗೆ ಪೇಪರ್ ಬಂದಿದೆ, ಎಲ್ಲರೂ ಉಲ್ಲೇಖಿಸಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಓಡಾಡಿತು. ಅಷ್ಟು ಸೈಟೇಶನ್ ಇದ್ದರೆ ಸತ್ಯ ಅಂತ ತಾನೇ?
ಔಷಧ ಅಂಗಡಿಯವರು, ಹುಬ್ಬಳ್ಳಿ

ಬೈಯುವುದಕ್ಕೂ ಹೆಸರು ಹೇಳಲೇಬೇಕು. "ಇವರ ಲೆಕ್ಕ ತಪ್ಪು" ಅಂತ ನೂರು ಜನ ಬರೆದರೂ ನೂರು ಸೈಟೇಶನ್ ಕೂಡುತ್ತದೆ.

ಐವರ್‌ಮೆಕ್ಟಿನ್ ಹುಳದವರ ಹೆಮ್ಮೆಯ ಔಷಧ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದದ್ದು, ಅದಕ್ಕೇ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಪಾಲು ಸಿಕ್ಕಿತು. ಆಫ್ರಿಕಾದಲ್ಲಿ ಹುಳದಿಂದ ಕಣ್ಣು ಹೋಗುವ ರೋಗಕ್ಕೆ 1987ರಿಂದ ಕಂಪನಿಯೇ ಪುಕ್ಕಟೆ ಕೊಡುತ್ತಿದೆ. ಆದರೆ ಕೋವಿಡ್‌ಗೆ ಅದ್ಭುತ ಅಂತ 2020ರ ನವೆಂಬರ್‌ನಲ್ಲಿ ಈಜಿಪ್ಟಿನಿಂದ ಬಂದ ಬರಹವೊಂದು ಇನ್ನೂ ಪರಿಶೀಲನೆಯೇ ಆಗದ ಕರಡು. ಅದನ್ನೇ ನಂಬಿ ಬೇರೆಯವರು ತಮ್ಮ ಒಟ್ಟು ಲೆಕ್ಕಕ್ಕೆ ಸೇರಿಸಿಕೊಂಡರು. ಒಬ್ಬ ವಿದ್ಯಾರ್ಥಿ ಕೂತು ಅಂಕಿಅಂಶ ಬಿಡಿಸಿ ನೋಡಿದಾಗ ಕದ್ದ ವಾಕ್ಯಗಳು, ಹೊಂದದ ಸಂಖ್ಯೆಗಳು ಸಿಕ್ಕವು. 2021ರ ಜುಲೈನಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ನಿಮ್ಮ ಅಂಗಡಿಯ ಸ್ಟಾಕು ಮುಗಿದಿತ್ತು.

ಪ್ರಶ್ನೆ: ನೊಬೆಲ್ ಪಡೆದ ಹುಳದ ವಿಜ್ಞಾನಿಗಳ ಸೈಟೇಶನ್ ಭಯಂಕರ ಇರಬೇಕಲ್ಲ?
ಬಿ.ಎಸ್‌ಸಿ. ವಿದ್ಯಾರ್ಥಿನಿ, ಲಕ್ಷ್ಮೇಶ್ವರ

ಇಬ್ಬರ ಕಥೆ ಕೇಳಿ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಗುರುತು ಕಂಡರು. ಡಿಸೆಂಬರ್ 18ಕ್ಕೆ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಮೂರು ಪುಟದ ಬರಹ ಬಂತು. ಎಷ್ಟು ಸೊಳ್ಳೆ ಗೊತ್ತಾ? ಎರಡು. ಶೀರ್ಷಿಕೆಯಲ್ಲೇ ಎರಡು ಸೊಳ್ಳೆ ಅಂತ ಇದೆ. ಇವತ್ತು ಯಾರಾದರೂ ಎರಡು ಸೊಳ್ಳೆ ಹಿಡಿದುಕೊಂಡು ಹೋದರೆ ಗೈಡ್ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ. 1902ಕ್ಕೆ ನೊಬೆಲ್.

ಇನ್ನೊಬ್ಬರು ಚೀನಾದ ಟು ಯೂಯೂ. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕೊಟ್ಟವರು. ಅದರ ರಚನೆ ತಿಳಿಸಿದ 1977ರ ಪೇಪರ್‌ನಲ್ಲಿ ಲೇಖಕರ ಜಾಗದಲ್ಲಿ ಯಾರ ಹೆಸರೂ ಇಲ್ಲ, ಬರೀ ಸಂಶೋಧನಾ ತಂಡ ಅಂತಿದೆ. ಆಗ ಅಲ್ಲಿನ ಪದ್ಧತಿ ಹಾಗಿತ್ತು. ಅವರಿಗೆ ಪಿಎಚ್.ಡಿ.ಯೂ ಇಲ್ಲ. ನೊಬೆಲ್ ಬಂದದ್ದು 2015ರಲ್ಲಿ, ಅವರಿಗೆ 84 ವರ್ಷ. ಹೆಸರೇ ಇಲ್ಲದ ಪೇಪರ್ ಯಾರ ಎಚ್-ಇಂಡೆಕ್ಸ್‌ಗೆ ಸೇರುತ್ತದೆ?

ಇದನ್ನು ಬರೆಯುವಾಗ ಹಳೆಯದೊಂದು ನೆನಪಾಯಿತು. ಸೈಟೇಶನ್ ಇಂಡೆಕ್ಸ್ ಅಂದರೆ ಆಗ ಇಟ್ಟಿಗೆಯಂಥ ಸಂಪುಟಗಳು, ಇರುವೆ ಸಾಲಿನಂಥ ಅಕ್ಷರ, ಭೂತಗನ್ನಡಿ ಹಿಡಿದೇ ಓದಬೇಕು. ಒಂದು ಆಯ್ಕೆ ಸಮಿತಿಗೆ ಐದು ಅಭ್ಯರ್ಥಿಗಳ ಲೆಕ್ಕ ತೆಗೆದುಕೊಡು ಅಂದರು, ಎಲ್ಲಿ ಅಂತ ಕೇಳಬೇಡಿ. ಎರಡು ದಿನ ಕೂತು ತೆಗೆದೆ. ಒಬ್ಬರಿಗೆ ಒಂಬತ್ತೇ ಬಂತು, ಅವರು ಆಯ್ಕೆ ಆಗಲಿಲ್ಲ. ಆಮೇಲೆ ಗೊತ್ತಾಯಿತು, ಮದುವೆಗೆ ಮೊದಲಿನ ಅವರ ಪೇಪರ್‌ಗಳೆಲ್ಲ ತವರಿನ ಅಡ್ಡಹೆಸರಿನಲ್ಲಿ ಇದ್ದವು. ನಾನು ಆ ಪುಟ ತೆರೆದೇ ಇರಲಿಲ್ಲ. ಹೇಳಲು ಹೋದೆ, ಪಟ್ಟಿ ಹೊರಬಿದ್ದಾಗಿದೆ ಅಂದರು.

ಪ್ರಶ್ನೆ: ನಾನು ಸಣ್ಣವನಿದ್ದಾಗ ಊರಲ್ಲಿ ನಾರುಹುಣ್ಣು ಇತ್ತು, ಅಜ್ಜ ಹುಣ್ಣಿನಿಂದ ಹೊರಬರುವ ಹುಳವನ್ನು ಕಡ್ಡಿಗೆ ಸುತ್ತಿಕೊಂಡು ಕೂರುತ್ತಿದ್ದ. ಈಗ ಅದರ ಬಗ್ಗೆ ಯಾರೂ ಬರೆಯುವುದಿಲ್ಲವಲ್ಲ?
ಹಿರಿಯ ಓದುಗರು, ಮುಂಡರಗಿ

ಬರೆಯಲು ನಮ್ಮಲ್ಲಿ ಹುಳವೇ ಇಲ್ಲ! ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕರು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಳದಿಂದ ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು. ಇದಕ್ಕೆ ಔಷಧ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಮೆಟ್ಟಿಲು ಬಾವಿಗೆ ಇಳಿದು ಕಾಲು ಅದ್ದದಂತೆ ನೋಡಿಕೊಂಡದ್ದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದ್ದು, ಬೋರ್‌ವೆಲ್ ಹಾಕಿದ್ದು, ಇಷ್ಟರಲ್ಲೇ ಹೋಯಿತು. ಜಗತ್ತಿನಲ್ಲಿ 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನಕ್ಕೆ ಬರುತ್ತಿತ್ತು, 2023ರಲ್ಲಿ 14 ಜನಕ್ಕೆ. ಮನೆ ಮನೆಗೆ ಹೋಗಿ ಬಟ್ಟೆ ಕಟ್ಟಿಸಿದ ಆರೋಗ್ಯ ಕಾರ್ಯಕರ್ತೆಯ ಹೆಸರನ್ನು ಯಾವ ಉಲ್ಲೇಖ ಪಟ್ಟಿಯಲ್ಲಿ ಹುಡುಕೋಣ? ಅಜ್ಜ ಕಡ್ಡಿಗೆ ಸುತ್ತಿಕೊಂಡು ಕೂತದ್ದನ್ನು ನೀವು ಬರೆದು ಕಳಿಸಿ, ದಿನಕ್ಕೆ ಎಷ್ಟು ಸುತ್ತು ಬರುತ್ತಿತ್ತು, ನಡುವೆ ಹರಿದರೆ ಏನು ಮಾಡುತ್ತಿದ್ದರು, ಎಲ್ಲ. ಅಚ್ಚು ಹಾಕಿಸುವುದು ನನ್ನ ಜವಾಬ್ದಾರಿ.

ಪ್ರಶ್ನೆ: ನಾನೊಬ್ಬ ಪಾಟೀಲ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಗೂಗಲ್ ಸ್ಕಾಲರ್‌ನಲ್ಲಿ ನನ್ನ ಹೆಸರಿಗೆ 412 ಸೈಟೇಶನ್ ತೋರಿಸುತ್ತಿದೆ. ಅದರಲ್ಲಿ ಮುನ್ನೂರು ಮೊಣಕಾಲು ಆಪರೇಷನ್ ಪೇಪರ್‌ದು. ಅವರು ಬೇರೆ ಪಾಟೀಲರು. ಪ್ರಿನ್ಸಿಪಾಲರು ಆಗಲೇ ಸನ್ಮಾನ ಇಟ್ಟುಕೊಂಡಿದ್ದಾರೆ. ಏನು ಮಾಡಲಿ?
ಉಪನ್ಯಾಸಕರು, ಗದಗ

ಸನ್ಮಾನಕ್ಕೆ ಮೊದಲೇ ತೆಗೆಯಿರಿ. ನಿಮ್ಮ ಪುಟದಲ್ಲಿ ಆ ಪೇಪರ್‌ಗಳ ಮುಂದೆ ಗುರುತು ಹಾಕಿ ಅಳಿಸಿ. ಸೆಟ್ಟಿಂಗ್‌ನಲ್ಲಿ ಹೊಸ ಪೇಪರ್ ತಾನಾಗಿ ಸೇರದಂತೆ, ಮೊದಲು ನಿಮ್ಮನ್ನು ಕೇಳುವಂತೆ ಮಾಡಿ. ಆಮೇಲೆ ಆರ್ಕಿಡ್ (ORCID) ನಂಬರ್ ತಗೊಳ್ಳಿ, ಒಬ್ಬೊಬ್ಬ ಸಂಶೋಧಕರಿಗೂ ಬೇರೆ ಬೇರೆ ಕೊಡುವ ಗುರುತಿನ ಸಂಖ್ಯೆ ಅದು, 2012ರಿಂದ ಇದೆ, ಪುಕ್ಕಟೆ, 16 ಅಂಕಿ. ನಮ್ಮ ಕಡೆ ಪಾಟೀಲ, ಹಿರೇಮಠ, ಕುಲಕರ್ಣಿ ಇರುವಷ್ಟು ದಿನ ಅದು ಬೇಕೇ ಬೇಕು. ಊರಿನ ಹೆಸರೂ ನೋಡಿಕೊಳ್ಳಿ. 2014ರ ನವೆಂಬರ್ 1ಕ್ಕೆ ಹುಬ್ಳಿ ಹುಬ್ಬಳ್ಳಿ ಆಯಿತು, ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು, ಕಂಪ್ಯೂಟರ್ ಕಣ್ಣಿಗೆ ಅವು ಎರಡು ಊರು. ಧಾರವಾಡದ ವಿಶ್ವವಿದ್ಯಾಲಯವನ್ನು 'ಕರ್ನಾಟಕ್' ಅನ್ನುವ ಬದಲು 'ಕರ್ನಾಟಕ' ಅಂತ ಬರೆದವರ ಪೇಪರ್‌ಗಳು ಎಲ್ಲೆಲ್ಲಿ ತಿರುಗುತ್ತಿವೆಯೋ.

ಉಳಿದ 112ರಲ್ಲಿ ನಿಮ್ಮವೇ ಎಷ್ಟು ಅಂತ ಇನ್ನೊಮ್ಮೆ ಎಣಿಸಿ. ಇನ್ನೊಬ್ಬ ಪಾಟೀಲರು ಹಲ್ಲಿನ ಡಾಕ್ಟರೂ ಇರಬಹುದು. ಸನ್ಮಾನದ ಶಾಲು ಮಾತ್ರ ಬಿಡಬೇಡಿ, ಪಾಠ ಮಾಡಿದ್ದಕ್ಕೆ ಅಂತ ಹೊದ್ದುಕೊಳ್ಳಿ.